ಲಿಪಿಡ್ ಕೆಲಸಕ್ಕೆ ಕೈ ಹಾಕಿದ ಪುಟ್ಟಿಗೆ

ಗದಗ

ಚಿ. ಪುಟ್ಟಿಗೆ ಕಾಕಾನ ಆಶೀರ್ವಾದಗಳು.

ಧಾರವಾಡದ ಲ್ಯಾಬಿನಲ್ಲಿ ನಿನಗೆ ಬ್ಯಾಕ್ಟೀರಿಯಾ ಪೊರೆಯ ಕೊಬ್ಬಿನಂಥ ಅಣುಗಳ, ಅಂದರೆ ಲಿಪಿಡ್‌ಗಳ ರಚನೆ ಕಂಡುಹಿಡಿಯುವ ಕೆಲಸ ಸಿಕ್ಕಿದೆ ಅಂತ ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಬಹಳ ಖುಷಿಯಾಯಿತು. ಇಷ್ಟು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವನು ನಾನು, ಒಂದು ಮಾತು ಹೇಳದೆ ಇರಲಾರೆ. ಮಷೀನು ಕೊಟ್ಟ ಅಂಕಿಯನ್ನೇ ರಚನೆ ಅಂದುಕೊಳ್ಳಬೇಡ. ಆ ಬ್ಯಾಕ್ಟೀರಿಯಾ ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಬೆಳೆದಿತ್ತು ಅನ್ನುವುದನ್ನು ಮೊದಲು ಬರೆದಿಡು.

ಪೊರೆ ಯಾವಾಗಲೂ ಒಂದೇ ತರಹ ಇರುವುದಿಲ್ಲ. ಚಳಿಗಾಲದಲ್ಲಿ ಅಡುಗೆಮನೆಯ ತುಪ್ಪ ಗಟ್ಟಿಯಾಗುತ್ತದೆ, ಕುಸುಬಿ ಎಣ್ಣೆ ಹಾಗೇ ಇರುತ್ತದೆ, ನೋಡಿದ್ದೀಯಲ್ವಾ? ಎಣ್ಣೆಯ ಇಂಗಾಲದ ಸರಪಳಿಗಳಲ್ಲಿ ಡಬಲ್ ಬಾಂಡ್, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಬಂಧ, ಜಾಸ್ತಿ. ಅಲ್ಲಿ ಸರಪಳಿ ಬಾಗುತ್ತದೆ, ಒತ್ತಾಗಿ ಕೂರಲು ಆಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಇ. ಕೋಲಿಯೂ ಥಂಡಿಯಲ್ಲಿ ಬೆಳೆದರೆ ತನ್ನ ಪೊರೆಯಲ್ಲಿ ಡಬಲ್ ಬಾಂಡ್ ಇರುವ ಸರಪಳಿಗಳನ್ನು ಹೆಚ್ಚು ಮಾಡಿಕೊಳ್ಳುತ್ತದೆ. ಬೆಳವಣಿಗೆ ನಿಲ್ಲುವ ಹೊತ್ತಿಗೆ ಅದೇ ಡಬಲ್ ಬಾಂಡಿಗೆ ಇನ್ನೊಂದು ಇಂಗಾಲ ಸೇರಿಸಿ ಮೂರು ಮೂಲೆಯ ಪುಟ್ಟ ಉಂಗುರ ಕಟ್ಟುತ್ತದೆ. ಅದೇ ಸೈಕ್ಲೋಪ್ರೊಪೇನ್. ಇಲ್ಲಿ ಎಡವುವವರು ಜಾಸ್ತಿ. ಈ ಸರಪಳಿಗಳೇ ಕೊಬ್ಬಿನಾಮ್ಲಗಳು. 17 ಇಂಗಾಲದ ಆ ಉಂಗುರದ ಆಮ್ಲ, 17 ಇಂಗಾಲವೂ ಒಂದು ಡಬಲ್ ಬಾಂಡೂ ಇರುವ ಆಮ್ಲ, ಎರಡೂ ತೂಕದಲ್ಲಿ ಒಂದೇ. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನ ತೂಕವೊಂದನ್ನೇ ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗದು. ಆಮ್ಲವನ್ನು ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್ ಮಾಡಿ ಜಿಸಿಗೆ (ಆವಿಯನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಹಾಕು, ರಚನೆ ಗೊತ್ತಿರುವ ಸ್ಟ್ಯಾಂಡರ್ಡ್ ಜೊತೆ ಹೋಲಿಸು.

ಡಿಗ್ರಿ ಯಾಕೆ ಮುಖ್ಯ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೇಳು. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಹಿಂಡಿ ಹಾಕಿತ್ತು. ಆ ರೋಗದ ಬ್ಯಾಕ್ಟೀರಿಯಾ ಯೆರ್ಸಿನಿಯಾ ಪೆಸ್ಟಿಸ್. ಚಿಗಟದ ಮೈಯ ತಂಪಿನಲ್ಲಿ ಅದರ ಹೊರಪೊರೆಯಲ್ಲಿ ಲಿಪಿಡ್ ಎ ಅನ್ನುವ ಲಿಪಿಡ್ಡಿನ ಆರು ಸರಪಳಿಯ ರೂಪ ಕೂಡ ಇರುತ್ತದೆ. 37 ಡಿಗ್ರಿಗೆ, ಅಂದರೆ ಮನುಷ್ಯನ ಮೈಗೆ ಬಂದರೆ ಹೆಚ್ಚಾಗಿ ನಾಲ್ಕೇ ಸರಪಳಿ. ಆಗ ನಮ್ಮ ದೇಹದ ಕಾವಲಿಗೆ ಅದರ ಸುಳಿವು ಸರಿಯಾಗಿ ಸಿಗುವುದಿಲ್ಲ. 37 ಡಿಗ್ರಿಯಲ್ಲೂ ಆರು ಸರಪಳಿ ಮಾಡುವ ಹಾಗೆ ಅದಕ್ಕೆ ಇ. ಕೋಲಿಯ ಒಂದು ಜೀನ್ ಸೇರಿಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಆ ಬ್ಯಾಕ್ಟೀರಿಯಾಕ್ಕೆ ಪ್ರಯೋಗದ ಇಲಿಗಳನ್ನು ಕೊಲ್ಲಲು ಆಗಲಿಲ್ಲ. ಎರಡೇ ಸರಪಳಿಯ ವ್ಯತ್ಯಾಸ, ಪುಟ್ಟಿ! ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಎಷ್ಟು ಡಿಗ್ರಿಯಲ್ಲಿ ಬೆಳೆಸಿದ್ದು ಅಂತ ಬರೆದಿಡದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಾಗಾಗಿ ರಾತ್ರಿ ಕರೆಂಟ್ ಹೋಗಿ ಬ್ಯಾಕ್ಟೀರಿಯಾ ಬೆಳೆಸುವ ಶೇಕರ್ ನಿಂತರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆ. ಸುಮ್ನೆ ಬಿಡಬೇಡ.

ಲಿಪಿಡ್ ತೆಗೆಯುವುದಕ್ಕೆ ಬ್ಲೈ ಮತ್ತು ಡೈಯರ್ 1959ರಲ್ಲಿ ಕೊಟ್ಟ ಕ್ಲೋರೋಫಾರ್ಮ್-ಮೆಥನಾಲ್ ವಿಧಾನ ಈಗಲೂ ನಡೆಯುತ್ತದೆ. ಎರಡು ಪದರ ಬೇರೆಯಾದಾಗ ನಡುವೆ ಬೆಳ್ಳಗೆ ಪ್ರೋಟೀನ್ ನಿಲ್ಲುತ್ತದೆ. ಗಾಜಿನ ಪಿಪೆಟ್ಟಿನಿಂದ ಮೆಲ್ಲಗೆ ಗುಳ್ಳೆ ಬಿಡುತ್ತ ಅದನ್ನು ದಾಟು, ಕೆಳಗಿನ ಕ್ಲೋರೋಫಾರ್ಮ್ ಮಾತ್ರ ಎಳೆದುಕೊ. ಪ್ಲಾಸ್ಟಿಕ್ ಟ್ಯೂಬು ಬೇಡವೇ ಬೇಡ. ಅದರೊಳಗಿನ ರಾಸಾಯನಿಕಗಳು ಕ್ಲೋರೋಫಾರ್ಮಿಗೆ ಇಳಿದು ಮಷೀನಿನ ಗ್ರಾಫಿನಲ್ಲಿ ಪೀಕ್ ಆಗಿ ಕಾಣುತ್ತವೆ, ನೀನು ಅದನ್ನೇ ಹೊಸ ಲಿಪಿಡ್ ಅಂತ ನಂಬಿಬಿಡಬಹುದು. ಕ್ಲೋರೋಫಾರ್ಮ್ ಬಾಟಲಿಯನ್ನು, ಆವಿಯನ್ನು ಎಳೆದು ಹಾಕುವ ಫ್ಯೂಮ್ ಹುಡ್ ಹೊರಗೆ ತೆರೆಯಬೇಡ, ನಿನ್ನ ಲಿವರ್ ನನಗೆ ನಿನ್ನ ಪಿಎಚ್‌ಡಿಗಿಂತ ದೊಡ್ಡದು.

ದಸರೆಗೆ ಊರಿಗೆ ಬರುವಾಗ ಜಿಸಿ ಕೊಟ್ಟ ಮೊದಲ ಗ್ರಾಫ್, ಅಂದರೆ ಕ್ರೊಮ್ಯಾಟೋಗ್ರಾಮ್, ತೆಗೆದುಕೊಂಡು ಬಾ. ಇಬ್ಬರೂ ಕೂತು ಒಂದೊಂದೇ ಪೀಕ್ ನೋಡೋಣ.

ನಿನ್ನ ಕಾಕಾ