ಹೆಸರು ಮುಚ್ಚಿ, ಕಡತ ಕೊಡಿ

ಮಾಹಿತಿ ಹಕ್ಕಿನಡಿ ಪೊಲೀಸ್ ಇಲಾಖೆಯ ದಾಖಲೆ ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಸಾಲಿನ ಹಿಂಬರಹ ನೀಡಿ ಅರ್ಜಿ ತಿರಸ್ಕರಿಸುವ ಪರಿಪಾಟ ಸರಿಯಲ್ಲ. ನಮ್ಮ ಬಡಾವಣೆಯ ಸರಣಿ ಕಳ್ಳತನದ ದೂರುಗಳ ಮೇಲೆ ಏನು ಕ್ರಮವಾಯಿತೆಂದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೇಳಿದ್ದೆ. ಬಂದದ್ದು, ವೈಯಕ್ತಿಕ ಮಾಹಿತಿ ನಿರಾಕರಿಸಲು ಅವಕಾಶ ಕೊಡುವ ‘ಸೆಕ್ಷನ್ 8(1)(ಜೆ)’ ಎಂದು ಬರೆದ ಅರ್ಧ ಹಾಳೆ. ನಾನು ಕೇಳಿದ್ದು ಎಷ್ಟು ದೂರು, ಎಷ್ಟು ಎಫ್‌ಐಆರ್ ಎಂದೇ ಹೊರತು ಯಾರ ಬೀರುವಿನಲ್ಲಿ ಎಷ್ಟು ಚಿನ್ನವಿತ್ತು ಎಂದಲ್ಲ!

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಈ ಸೆಕ್ಷನ್ನಿನಲ್ಲಿದ್ದ, ಸಾರ್ವಜನಿಕ ಹಿತಾಸಕ್ತಿಯಿದ್ದರೆ ಮಾಹಿತಿ ಕೊಡಬಹುದೆಂಬ ಮಾತನ್ನೇ ತೆಗೆದುಹಾಕಿದ್ದರಿಂದ ಇಂಥ ಉತ್ತರ ಇನ್ನಷ್ಟು ಸಲೀಸಾಗಿದೆ. ಸಂತ್ರಸ್ತರು, ಸಾಕ್ಷಿಗಳ ಗುರುತು ಕಾಪಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾರ್ವಜನಿಕ ಹಿತ ಮೇಲಾದಾಗ ಮಾಹಿತಿ ಕೊಡಬಹುದೆನ್ನುವ ಸೆಕ್ಷನ್ 8(2), ಗೋಪ್ಯ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ನೀಡಬಹುದೆನ್ನುವ ಸೆಕ್ಷನ್ 10 ಇವೆರಡೂ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹಾಗೆಯೇ ಇವೆ. ಹೆಸರು, ವಿಳಾಸ, ಫೋನ್ ಸಂಖ್ಯೆಗಳ ಮೇಲೆ ಮಸಿ ಬಳಿದು ಉಳಿದ ಪುಟಗಳನ್ನು ಕೊಡುವಂತೆ, ಪೂರ್ತಿ ನಿರಾಕರಿಸಿದರೆ ಕಾರಣವನ್ನು ವಿವರವಾಗಿ ಬರೆಯುವಂತೆ ಡಿಜಿಪಿಯವರು ಎಲ್ಲ ಠಾಣೆಗಳಿಗೂ ಸುತ್ತೋಲೆ ಹೊರಡಿಸಲಿ.