ಮುಖ ಹೊಡೆಯುವ ಹೊಗಳಿಕೆ

ಚಿ. ಅನುಗೆ ನಿನ್ನ ಮಾವನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿಮ್ಮ ಮೇಡಂ ನಿವೃತ್ತಿಯ ದಿನ ಓದಬೇಕೆಂದು ನೀನು ಬರೆದ ಇಂಗ್ಲಿಷ್ ಭಾಷಣ ತಲುಪಿತು. ಚೆನ್ನಾಗಿದೆ. ಒಂದೇ ಒಂದು ಪದ ತೆಗೆದುಬಿಡು ಪುಟ್ಟಾ. ‘ಫುಲ್‌ಸಮ್ ಪ್ರೇಯ್ಸ್’ ಅಂತ ಬರೆದಿದ್ದೀಯ. ಮನಸ್ಸು ತುಂಬಿ ಹೊಗಳುತ್ತೇನೆ ಅನ್ನುವುದು ನಿನ್ನ ಭಾವ, ನನಗೆ ಗೊತ್ತು. ಆದರೆ ಮೇಡಂ ಕಿವಿಗೆ ಅದು ಬೇರೆ ಥರ ಕೇಳಿಸಬಹುದು.

ಹೋದ ಸಲ ಮದುವೆಮನೆಯಲ್ಲಿ ನಿನಗೆ ಮೂರನೇ ಒಬ್ಬಟ್ಟು ಬಡಿಸಿ, ಬೇಡ ಬೇಡ ಅಂದರೂ ಮೇಲೆ ತುಪ್ಪ ಸುರಿದರಲ್ಲ, ನೆನಪಿದೆಯಾ? ಮೊದಲನೆಯದನ್ನು ಚಪ್ಪರಿಸಿ ತಿಂದವಳು ಮೂರನೆಯದರ ಅಂಚು ಮುರಿದು ಹಾಗೇ ಎಲೆಯಲ್ಲಿ ಬಿಟ್ಟೆ. ‘ಮುಖ ಹೊಡೀತಿದೆ ಮಾವ’ ಅಂದೆ. ಫುಲ್‌ಸಮ್ ಅಂದರೆ ಹೆಚ್ಚುಕಡಿಮೆ ಅದೇ.

ಹುಟ್ಟಿದಾಗ ಪದ ಒಳ್ಳೆಯದೇ ಇತ್ತು. ‘ಫುಲ್’ಗೆ ‘ಹ್ಯಾಂಡ್‌ಸಮ್’ನಲ್ಲಿ ಬರುವ ‘ಸಮ್’ ಸೇರಿ ಆದದ್ದು. 13ನೇ ಶತಮಾನದಲ್ಲಿ ಸಮೃದ್ಧ ಅಂತಷ್ಟೇ ಅರ್ಥ. ಆಮೇಲೆ ಕೊಬ್ಬಿದ್ದು, ತಿಂದು ಸಾಕಾಗಿ ವಾಕರಿಕೆ ತರುವುದು ಅಂತ ಜಾರುತ್ತಾ ಹೋಗಿ, ಮುಖಸ್ತುತಿಗೆ ಅಂಟಿಕೊಂಡಿತು. ಈಗ ಹಳೇ ಅರ್ಥವೂ ತಿರುಗಿ ಬಂದಿದೆ. ಪತ್ರಿಕೆಗಳಲ್ಲಿ ‘ಫುಲ್‌ಸಮ್ ಅಪಾಲಜಿ’ ಅಂತ ಕಂಡರೆ ಸಾಮಾನ್ಯವಾಗಿ ಮನಸಾರೆ ಕೇಳಿದ ಕ್ಷಮೆ ಅಂತಲೇ. ನಿಘಂಟುಗಳು ಎರಡನ್ನೂ ಕೊಡುತ್ತವೆ. ಹಾಗಾಗಿ ನೀನು ಬರೆದದ್ದು ತಪ್ಪು ಅನ್ನಲಾರೆ. ಆದರೆ ಹೊಗಳಿಕೆಯ ಪಕ್ಕದಲ್ಲಿ ನಿಂತಾಗಲೇ ಈ ಪದದ ಕೆಟ್ಟ ಅರ್ಥ ಜಾಸ್ತಿ ಎದ್ದು ಕಾಣುವುದು. ಕೇಳುವವರು ಯಾವುದನ್ನು ಹಿಡಿಯುತ್ತಾರೋ, ಅದು ನಮ್ಮ ಕೈಯಲ್ಲಿಲ್ಲ ಅಲ್ವಾ?

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರ ಬೀಳ್ಕೊಡುಗೆಯಲ್ಲಿ ಇದೇ ಪದ ಓದಿದ್ದೆ. ಅವರು ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ನನ್ನನ್ನೇ ನೋಡಿದರು. ಯಾಕೆಂದು ರಾತ್ರಿ ನಿಘಂಟು ತೆರೆದಾಗ ತಿಳಿಯಿತು. ಬೆಳಗ್ಗೆ ಹೋಗಿ ಹೇಳೋಣವೆಂದರೆ ಅವರು ಮನೆ ಖಾಲಿ ಮಾಡಿ ಊರಿಗೆ ಹೊರಟುಹೋಗಿದ್ದರು. ಇವತ್ತಿಗೂ ಅದು ನನ್ನನ್ನು ಕೊರೆಯುತ್ತದೆ. ನಿನಗೆ ಹಾಗಾಗಬಾರದು.

ಆ ಜಾಗದಲ್ಲಿ ‘ಹಾರ್ಟ್‌ಫೆಲ್ಟ್’ ಹಾಕಬಹುದು. ನನ್ನನ್ನು ಕೇಳಿದರೆ ವಿಶೇಷಣವೇ ಬೇಡ. ನಿನಗೆ ಟೈಫಾಯಿಡ್ ಆದಾಗ ಮೇಡಂ ದಿನಾ ಸಂಜೆ ಸ್ಟೀಲ್ ಡಬ್ಬಿಯಲ್ಲಿ ಗಂಜಿ ತರುತ್ತಿದ್ದರು, ನೀನು ಕುಡಿದು ಮುಗಿಸುವವರೆಗೂ ಕೂತಿರುತ್ತಿದ್ದರು ಅಂತ ಅಕ್ಕ ಹೇಳಿದ್ದಳು. ಭಾಷಣದಲ್ಲಿ ಅದು ಎಲ್ಲೂ ಇಲ್ಲವಲ್ಲ! ಅದನ್ನು ಬರಿ. ಶುಕ್ರವಾರದೊಳಗೆ ಕಳಿಸಿದರೆ ಇನ್ನೊಮ್ಮೆ ಓದಿಕೊಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಮಾವ