ಗೆಳೆಯಾ, ಮದ್ದು ನಿಲ್ಲಿಸಬೇಡ

ಪ್ರಿಯ ಗೆಳೆಯಾ,

ಕೂಸು ಅಂಗಳದಲ್ಲಿ ಕರುವಿನ ಹಿಂದೆ ಓಡುತ್ತಾಳೆ, ತಲೆಯಲ್ಲಿ ಮತ್ತೆ ಕೂದಲು ಚಿಗುರಿದೆ, ದೋಸೆ ಬೇಕೆಂದು ಹಟ ಮಾಡುತ್ತಾಳೆ ಎಂದು ನೀನು ಬರೆದದ್ದನ್ನು ನನ್ನ ಹೆಂಡತಿಗೆ ಜೋರಾಗಿ ಓದಿ ಹೇಳಿದೆ. ಇಬ್ಬರೂ ಬಹಳ ಹಿಗ್ಗಿದೆವು. ಅದರ ಕೆಳಗಿನ ಸಾಲು ಓದಿದ ಮೇಲೆ ಮಾತ್ರ ನಮಗೆ ನಿದ್ದೆ ಹತ್ತಲಿಲ್ಲ. "ಜೋರಿನ ಕೀಮೋ ಮುಗಿಯಿತು, ರಿಪೋರ್ಟಿನಲ್ಲಿ ರೋಗವಿಲ್ಲ, ಉಳಿದಿರುವುದು ಬರಿಯ ಮಾತ್ರೆ. ಇನ್ನು ಬೆಂಗಳೂರಿಗೆ ಅಲೆಯುವುದು ಸಾಕು ಎಂದು ಮನೆಯಲ್ಲಿ ಹಿರಿಯರೆಲ್ಲ ಹೇಳುತ್ತಿದ್ದಾರೆ" ಎಂದಿದ್ದೀಯಲ್ಲ, ಆ ಸಾಲಿಗೇ ಈ ಪತ್ರ. ನಿನ್ನ ಮಗಳಿಗೆ ಬಂದಿರುವ ಈ ರಕ್ತದ ಕ್ಯಾನ್ಸರ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ) ನಮ್ಮ ಮಗನಿಗೂ ಬಂದಿತ್ತಲ್ಲ, ಅದರಿಂದಲೇ ಹೇಳುತ್ತಿದ್ದೇನೆ. ನಿಲ್ಲಿಸಬೇಡ. ಫೋನಿನಲ್ಲಿ ಹೇಳಲು ಹೊರಟರೆ ನನ್ನ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರಿಲ್ಲದೆ ಇದನ್ನು ನಾಲ್ಕು ಜನ ಓದುವಂತೆ ಹಂಚಲೇ ಎಂದು ಕೇಳಿದಾಗ ನೀನು ಬೇಡವೆನ್ನಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದೇ ಮಾತು ನಡೆಯುತ್ತಿರುವ ಮನೆಗಳು ಇನ್ನೂ ಇವೆ.

ರೋಗವಿಲ್ಲ ಎಂಬ ರಿಪೋರ್ಟಿನ ಅರ್ಥವೇನು ಎಂದು ನಮ್ಮ ಮಗನ ವೈದ್ಯೆ ಒಂದು ದಿನ ನನ್ನನ್ನು ಕೂರಿಸಿಕೊಂಡು ವಿವರಿಸಿದ್ದರು. ರೋಗ ಪತ್ತೆಯಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕೆಟ್ಟ ಕೋಶಗಳಿರುತ್ತವೆ. ಮೂಳೆಯೊಳಗೆ ರಕ್ತ ಹುಟ್ಟುವ ಅಸ್ಥಿಮಜ್ಜೆಯಲ್ಲಿ ಅವು ನೂರಕ್ಕೆ ಐದಕ್ಕಿಂತ ಕಡಿಮೆಯಾದರೆ ಅದನ್ನು ರೆಮಿಷನ್ ಎನ್ನುತ್ತಾರೆ. ಆಗ ಮಗು ನಗುತ್ತದೆ, ಉಣ್ಣುತ್ತದೆ, ಆಡುತ್ತದೆ. ಆದರೂ ಸಾವಿರ ಕೋಟಿಯವರೆಗೆ ಕೋಶಗಳು ಸೂಕ್ಷ್ಮದರ್ಶಕಕ್ಕೆ ಸಿಗದೆ ಉಳಿದಿರಬಹುದು. ಮೆದುಳು, ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ ಅಡಗಿ ಕೂರುವುದೂ ಉಂಟು. ಕೂಸಿಗೆ ಬೆನ್ನಿನಲ್ಲಿ ಸೂಜಿ ಚುಚ್ಚಿ ಮದ್ದು ಹಾಕುವುದು ಅದಕ್ಕಾಗಿಯೇ. ಇದೆಲ್ಲ ಸೇರಿ ಎರಡು, ಎರಡೂವರೆ ವರ್ಷದ ಲೆಕ್ಕ. ಅದು ಆಸ್ಪತ್ರೆಯವರು ಹಣಕ್ಕಾಗಿ ಎಳೆದ ಲೆಕ್ಕವಲ್ಲ. ಹಾಗೆನ್ನುವ ನಿನ್ನ ಚಿಕ್ಕಪ್ಪನಿಗೆ ಇದನ್ನು ಓದಿ ಹೇಳು.

ಇಷ್ಟು ಮದ್ದು, ಇಷ್ಟು ಕಾಲ ಯಾಕೆ ಬೇಕು ಎಂಬುದು ಈ ಚಿಕಿತ್ಸೆಯ ಚರಿತ್ರೆಯಲ್ಲೇ ಇದೆ. ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು 16 ಮಕ್ಕಳಿಗೆ ಅಮಿನೋಪ್ಟೆರಿನ್ ಎಂಬ ಮದ್ದು ಕೊಟ್ಟು, 1948ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಹತ್ತು ಮಕ್ಕಳಲ್ಲಿ ರೋಗ ತಗ್ಗಿತು, ಸಾಯುವ ಸ್ಥಿತಿಯಲ್ಲಿದ್ದವರು ಎದ್ದು ಓಡಾಡಿದರು. ಕೆಲವೇ ತಿಂಗಳಲ್ಲಿ ರೋಗ ಮರಳಿತು. ಆ ಮದ್ದನ್ನು ತಯಾರಿಸಿದ್ದು ಯಾರು ಗೊತ್ತೇ? ಭೀಮಾವರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಕೂಸು ವಾರಕ್ಕೊಮ್ಮೆ ನುಂಗಬೇಕಾದ ಮೆಥೋಟ್ರೆಕ್ಸೇಟ್ ಅದೇ ಮದ್ದಿನ ಹತ್ತಿರದ ಸಂಬಂಧಿ. ಒಂದೇ ಮದ್ದು ಸಾಲದು, ಕೆಲವು ತಿಂಗಳು ಸಾಲದು ಎಂದು ವೈದ್ಯರು ಕಲಿಯಲು ಎಷ್ಟೋ ಮನೆಗಳು ಮಕ್ಕಳನ್ನು ಕಳೆದುಕೊಂಡವು. ಹಾಗೆ ಕಲಿತದ್ದರಿಂದಲೇ ಮುಂದುವರಿದ ದೇಶಗಳಲ್ಲಿ ಈಗ ಈ ರೋಗದ ಮಕ್ಕಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ನಮ್ಮಲ್ಲಿ ಆ ಸಂಖ್ಯೆ ತಗ್ಗಲು ಇರುವ ದೊಡ್ಡ ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ನಡುವೆ ಬಿಟ್ಟು ಊರಿಗೆ ಹೋಗುವುದು.

ಅಡಿಕೆಯ ಕೊಳೆ ರೋಗ ಕಂಡವನು ನೀನು. ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣ ಹೊಡೆಸಿದ ಮೇಲೆ ಗೊನೆಗಳು ಎಷ್ಟೇ ಚೆನ್ನಾಗಿ ಕಂಡರೂ, ಆಟಿಯ ಮಳೆಯ ನಡುವೆ ಒಂದು ಹೊಳವು ಸಿಕ್ಕಿದ ಕೂಡಲೇ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಮನೆಗೆ ಓಡುತ್ತೀಯ. ಎರಡನೆಯ ಮದ್ದು ಯಾಕೆ, ಅಡಿಕೆ ಚೆನ್ನಾಗಿಯೇ ಇದೆಯಲ್ಲ ಎಂದು ಯಾರಾದರೂ ಕೇಳಿದರೆ ನೀನು ಏನು ಹೇಳುತ್ತೀಯೋ ಅದನ್ನೇ ಹಿರಿಯರಿಗೆ ಹೇಳು.

ನಮ್ಮ ಮಗನ ಪಕ್ಕದ ಹಾಸಿಗೆಯಲ್ಲಿ ಬಯಲುಸೀಮೆಯ ಒಂದು ಮಗು ಇತ್ತು. ಬಿತ್ತನೆಯ ಹಂಗಾಮಿಗೆಂದು ಅವರು ಊರಿಗೆ ಹೋದರು. ಮಗು ಆರಾಮಿತ್ತು, ಹಾಗೇ ಉಳಿದುಕೊಂಡರು. ಮರಳಿ ಬಂದಾಗ ರೋಗವೂ ಬಂದಿತ್ತು. ಎರಡನೆಯ ಸಲದ ಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ. ಕೆಲವು ಮಕ್ಕಳಿಗೆ ಅಸ್ಥಿಮಜ್ಜೆ ಕಸಿಯೇ ಬೇಕಾಗುತ್ತದೆ, ಅದರ ಖರ್ಚು ಅನೇಕ ಲಕ್ಷ. ಆ ತಂದೆಯ ಮುಖ ನನ್ನ ಕಣ್ಣಿನಿಂದ ಹೋಗಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಬರಿಯ ಮಾತ್ರೆ ಎಂದೆಯಲ್ಲ, ಈ ಹಂತವೇ ಮನೆಯವರ ತಾಳ್ಮೆಯನ್ನು ಹೆಚ್ಚು ಕೇಳುವುದು. 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ಮಾತ್ರೆ ಪ್ರತಿದಿನ, ತಪ್ಪದೆ ಒಂದೇ ಹೊತ್ತಿಗೆ. ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಮರೆತು ದಿನವೂ ಕೊಟ್ಟರೆ ಜೀವಕ್ಕೇ ಅಪಾಯ. ನನ್ನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ, ಆ ಮಾತ್ರೆಯ ಡಬ್ಬಿಯನ್ನೇ ಬೇರೆ ಕಪಾಟಿನಲ್ಲಿ ಇಟ್ಟಿದ್ದಳು. ರಕ್ತದ ಕೌಂಟ್ ನೋಡಿ ವೈದ್ಯರು ಪ್ರಮಾಣ ಏರಿಸುತ್ತಾರೆ, ಇಳಿಸುತ್ತಾರೆ. ಆ ಪರೀಕ್ಷೆಯನ್ನು ನಿಮ್ಮ ಶಿರಸಿಯಲ್ಲೇ ಮಾಡಿಸಿ ಫಲಿತಾಂಶವನ್ನು ಫೋನಿನಲ್ಲಿ ಕಳಿಸಬಹುದೇ ಎಂದು ಕೇಳು. ನಮಗೆ ಒಪ್ಪಿದ್ದರು, ಎಷ್ಟೋ ಪ್ರಯಾಣ ಉಳಿಯಿತು.

ನಾಟಿ ಮದ್ದೆಂದು ಮನೆಗೆ ಬಂದ ತೊಗಟೆಯ ಪುಡಿಯ ವಿಷಯಕ್ಕೆ ಬರುತ್ತೇನೆ. ತಂದುಕೊಟ್ಟ ನಿನ್ನ ಭಾವನ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ಮಾತ್ರೆಗಳು ಯಕೃತ್ತಿನ ಮೇಲೆ ಭಾರ ಹಾಕುತ್ತವೆ. ಅದರ ಜೊತೆ ಇನ್ನೊಂದು ಸೇರಿ ಯಕೃತ್ತು ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಯಾರಿಗೂ ತಿಳಿಯುವುದಿಲ್ಲ, ಆಗ ನಿಲ್ಲುವುದು ನಿಜವಾದ ಮದ್ದು. ವೈದ್ಯರಿಗೆ ತೋರಿಸದೆ ಕೊಡಬೇಡ. ಅಮ್ಮ ಹೊತ್ತ ಹರಕೆಗೂ ಅವಸರ ಬೇಡ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಆ ಜನಜಂಗುಳಿಗೆ ಈಗಲೇ ಕೂಸನ್ನು ಕರೆದೊಯ್ದರೆ ಸೋಂಕು ತಗಲಬಹುದು. ಹರಕೆ ತೀರಿಸಲು ತಡವಾದರೂ ದೇವಿ ಕಾದಿರುತ್ತಾಳೆ.

ಜ್ವರದ ಮಾತು ಮರೆಯಬೇಡ. ಥರ್ಮಾಮೀಟರ್ 100.4 ತೋರಿಸಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯುವಂತಿಲ್ಲ. ಬಿಳಿ ರಕ್ತಕಣ ಕಡಿಮೆಯಿರುವ ಮಗುವಿಗೆ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು. ಹುಬ್ಬಳ್ಳಿ ನಿನಗೆ ನೂರು ಕಿಲೋಮೀಟರ್. ಅದಕ್ಕೇ ಮೊದಲ ಡೋಸ್ ಯಾವುದೆಂದು ಬೆಂಗಳೂರಿನ ವೈದ್ಯರಿಂದ ಬರೆಸಿಕೊಂಡು, ಶಿರಸಿಯ ಮಕ್ಕಳ ವೈದ್ಯರಿಗೆ ಮೊದಲೇ ತೋರಿಸಿಡು. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಇಂಥ ಮಗುವನ್ನು ನೋಡುವ ಒಂದು ಆಸ್ಪತ್ರೆ ಇಲ್ಲವಲ್ಲ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲಿನ ಬಳಿ ಉರುಳಿ ನಾಲ್ವರು ಸತ್ತಾಗ ಜಿಲ್ಲೆಯೆಲ್ಲ ಒಂದೇ ದನಿಯಲ್ಲಿ ಆಸ್ಪತ್ರೆ ಕೇಳಿತು. ಆಗ ನಾನೂ ಬೀದಿಗೆ ಇಳಿದಿದ್ದೆ, ಮತ್ತೆ ಇಳಿಯುತ್ತೇನೆ. ಆದರೆ ಕೂಸು ಅಲ್ಲಿಯವರೆಗೆ ಕಾಯಲಾರಳು.

ಈಗ ಹಣ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ನಿನ್ನದು ಎಪಿಎಲ್. ತೋಟವಿದೆ ಎಂದ ಮಾತ್ರಕ್ಕೆ ಕೈಯಲ್ಲಿ ಹಣವಿದೆ ಎಂದು ತಿಳಿಯುವ ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ, ಆದರೂ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಇದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಅದನ್ನು ಬಿಡಬೇಡ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕು. ಆದರೆ ಮನೆಯನ್ನು ಬಗ್ಗಿಸುವುದು ಆಸ್ಪತ್ರೆಯ ಬಿಲ್ಲಲ್ಲ, ಬಿಲ್ಲಿಲ್ಲದ ಖರ್ಚು. ಬೆಂಗಳೂರಿನ ಕೋಣೆ ಬಾಡಿಗೆ, ಆಟೋ, ಹೊರಗಿನ ಊಟ, ಹೊರಗೆ ಮಾಡಿಸುವ ಪರೀಕ್ಷೆ, ದುಡಿಯುವ ಕೈ ನಿಂತುಹೋದದ್ದು. ನನಗೆ ಜೂನ್, ಜುಲೈ ಮೀನುಗಾರಿಕೆ ನಿಷೇಧದ ತಿಂಗಳುಗಳು, ದೋಣಿ ಬೈತಖೋಲ ಬಂದರಿನಲ್ಲಿ ಕಟ್ಟಿಯೇ ಇರುತ್ತದೆ. ಒಂದು ರೂಪಾಯಿ ಬರುವುದಿಲ್ಲ. ದೋಣಿಯ ನನ್ನ ಪಾಲನ್ನು ಮಾರಿದೆ. ಈಗ ಇನ್ನೊಬ್ಬರ ದೋಣಿಯಲ್ಲಿ ದುಡಿಯುತ್ತೇನೆ, ಅದಕ್ಕೆ ಒಂದು ದಿನವೂ ಮರುಗಿಲ್ಲ. ನೀನು ತೋಟ ಮಾರಬೇಕು ಎಂದು ನಾನು ಹೇಳುವುದಿಲ್ಲ. ಸೊಸೈಟಿಯಲ್ಲಿ ಬೆಳೆಯ ಮೇಲೆ ಸಾಲ ಕೇಳು. ವಾರದ ಕಂತಿನ ಫೈನಾನ್ಸಿನವರ ಹತ್ತಿರ ಮಾತ್ರ ಸುಳಿಯಬೇಡ.

ಪ್ರಯಾಣದ ಖರ್ಚು ಇಳಿಸುವ ದಾರಿ ಇದೆ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೆಯ ಎಸಿ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ರಿಯಾಯಿತಿ. ಆಸ್ಪತ್ರೆಯ ವೈದ್ಯರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬೇಕು. ನಾವು ಇಲ್ಲಿಂದ ಬೆಂಗಳೂರಿನ ಪಂಚಗಂಗಾ ರೈಲು ಹತ್ತುತ್ತಿದ್ದೆವು. ನಿನಗೆ ಸಿದ್ದಾಪುರ ದಾಟಿದರೆ ತಾಳಗುಪ್ಪದ ರಾತ್ರಿ ರೈಲು. ಅಲ್ಲಿಯವರೆಗಿನ ಸರ್ಕಾರಿ ಬಸ್ಸಿನಲ್ಲಿ ಅತ್ತಿಗೆಗೆ ಟಿಕೆಟ್ ಹಣ ಬೇಕಿಲ್ಲ.

ನಿನ್ನ ಮಗ ಮಾಣಿಯ ಬಗ್ಗೆ ನೀನು ಒಂದಕ್ಷರವೂ ಬರೆದಿಲ್ಲ. ಅಜ್ಜಿಯ ಹತ್ತಿರ ಬಿಟ್ಟ ನಮ್ಮ ದೊಡ್ಡ ಮಗಳು ಮೊದಮೊದಲು ಫೋನಿನಲ್ಲಿ ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಎಷ್ಟು ಜಾಣೆ, ಏನೂ ತಕರಾರಿಲ್ಲ ಎಂದು ಎಲ್ಲರೂ ಹೊಗಳಿದರು. ಒಂದು ದಿನ ಅವಳ ಟೀಚರ್ ಹೇಳಿದರು, ಶಾಲೆಯ ಪ್ರವಾಸಕ್ಕೆ ಹಣ ಕೇಳಬಾರದೆಂದು ತನಗೆ ವಾಂತಿಯಾಗುತ್ತದೆ ಎಂದು ಸುಳ್ಳು ಹೇಳಿ ಹಿಂದೆ ಉಳಿದಳು ಎಂದು. ತಮ್ಮನಿಗೆ ಬಂದದ್ದು ತನ್ನಿಂದ ಅಂಟಿತೇನೋ ಎಂಬ ಭಯವೂ ಅವಳೊಳಗೆ ಇತ್ತು. ಇದು ಅಂಟುವ ರೋಗವಲ್ಲ, ಯಾರ ಪಾಪವೂ ಅಲ್ಲ, ಯಾರ ತಪ್ಪೂ ಅಲ್ಲ ಎಂದು ಮಾಣಿಗೆ ಬಾಯಿಬಿಟ್ಟು ಹೇಳು. ಸಾಧ್ಯವಾದರೆ ಒಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗು, ತಂಗಿ ಇರುವ ಜಾಗ ಅವನೂ ನೋಡಲಿ.

ಕೈ ಒಡ್ಡಲು ಮನಸ್ಸಿಲ್ಲ ಎಂದು ಬರೆದಿದ್ದೀಯ. ಮಗನಿಗೆ ಪ್ಲೇಟ್‌ಲೆಟ್ ಬೇಕಾದಾಗ ನಮ್ಮ ದೋಣಿಯ ಹುಡುಗರು ರಾತ್ರಿ ರೈಲು ಹತ್ತಿ ಬಂದು, ಯಂತ್ರದ ಮುಂದೆ ಗಂಟೆಗಟ್ಟಲೆ ಕುಳಿತು ಕೊಟ್ಟು ಹೋದರು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಜನ ಬೇಕು. ಯಾರೂ ಅದನ್ನು ಉಪಕಾರ ಎಂದು ಎಣಿಸಲಿಲ್ಲ. ಕುಮಟಾದಲ್ಲಿ ನಮ್ಮೊಂದಿಗೆ ಓದಿದವರ ಜೊತೆ ನಾನು ಆಗಲೇ ಮಾತಾಡಿದ್ದೇನೆ, ನಿನ್ನನ್ನು ಕೇಳದೆಯೇ. ಒಮ್ಮೆಗೆ ದೊಡ್ಡ ಮೊತ್ತ ಬೇಡ, ಚಿಕಿತ್ಸೆ ಮುಗಿಯುವವರೆಗೆ ತಿಂಗಳು ತಿಂಗಳು ಕೋಣೆಯ ಬಾಡಿಗೆ ಮತ್ತು ಪ್ರಯಾಣದ ಖರ್ಚು ನಮ್ಮದು ಎಂದು ಒಪ್ಪಿದ್ದಾರೆ. ಅದು ಅತ್ತಿಗೆಯ ಖಾತೆಗೆ ಬರುತ್ತದೆ. ಬೇಡವೆನ್ನುವ ಅಧಿಕಾರ ನಿನಗಿಲ್ಲ.

ಶುಕ್ರವಾರ ಬೆಳಗಿನ ಬಸ್ಸಿಗೆ ಹೊರಟು ದೇವಿಮನೆ ಘಟ್ಟ ಹತ್ತಿ ಬರುತ್ತೇನೆ, ನನ್ನ ಹೆಂಡತಿಯೂ ಬರುತ್ತಾಳೆ. ಅಮ್ಮನ ಹತ್ತಿರ ಅವಳೇ ಮಾತಾಡುತ್ತಾಳಂತೆ. ಆಸ್ಪತ್ರೆಯ ಫೈಲು, ರೇಷನ್ ಕಾರ್ಡ್, ಎಲ್ಲರ ಆಧಾರ್, ಅತ್ತಿಗೆಯ ಪಾಸ್‌ಬುಕ್ ಒಂದೇ ಚೀಲದಲ್ಲಿ ಹಾಕಿಡು. ಮೊದಲು ಇವತ್ತೇ ವಾರ್ಡಿಗೆ ಫೋನ್ ಮಾಡಿ ಮುಂದಿನ ತಾರೀಖು ಯಾವುದು, ತಪ್ಪಿದ್ದರೆ ಯಾವಾಗ ಬರಬೇಕು ಎಂದು ಕೇಳು. ಮಾತ್ರೆ ಎಷ್ಟು ಉಳಿದಿದೆ ಎಂದು ಎಣಿಸಿ ನನಗೆ ತಿಳಿಸು. ಸಾಲದಿದ್ದರೆ ಬರುವಾಗ ತರುತ್ತೇನೆ, ಚೀಟಿಯ ಫೋಟೋ ಕಳಿಸು.

ನಿನ್ನ ಗೆಳೆಯ,
ಕಾರವಾರದಿಂದ